ಗಣಕಯಂತ್ರದ ದಿನವಹಿ

ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಗೆ ಸೇರಿದ ರಾಷ್ಟ್ರೀಯ ಇತಿಹಾಸ ವಸ್ತುಸಂಗ್ರಹಾಲಯದ ಮಹಾಸಂಚಯದ ನಡುವೆ, ಕೈಬರಹದ ಒಂದು ದಿನವಹಿ ಪುಸ್ತಕವು ಜೋಪಾನವಾಗಿ ರಕ್ಷಿತವಾಗಿದೆ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಗಣನ ಪ್ರಯೋಗಾಲಯದಲ್ಲಿ ಅಮೆರಿಕದ ನೌಕಾಪಡೆಗಾಗಿ ನಿರ್ಮಿತವಾದ ಮಾರ್ಕ್-2 ಎಂಬ ಗಣಕಯಂತ್ರವನ್ನು ನಡೆಸುತ್ತಿದ್ದವರು ಆ ಯಂತ್ರದ ದೈನಂದಿನ ವೃತ್ತಾಂತವನ್ನು ಅದರಲ್ಲಿ ಬರೆದಿಟ್ಟಿದ್ದಾರೆ. 1947ನೆಯ ಇಸವಿ ಸೆಪ್ಟೆಂಬರ್ 9ನೆಯ ತಾರೀಖಿನ ಪುಟವನ್ನು ನೋಡಿದರೆ, ಬೆಳಿಗ್ಗೆ ಎಂಟು ಗಂಟೆಗೆ ಕೆಲಸ ಆರಂಭವಾದುದು, ಹತ್ತು ಗಂಟೆಗೆ ನಿಂತುದು, ಹನ್ನೊಂದಕ್ಕೆ ಕೊಸೈನ್ ಗಣನೆಯ ಪಟ್ಟಿಯನ್ನು ಹೂಡಿದುದು, ಮೂರು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಸಂಕಲನದ ಪರೀಕ್ಷೆಯನ್ನು ತೊಡಗಿದುದು, ಇವೆಲ್ಲವೂ ಒಂದರ ಕೆಳಗೊಂದು ಕಾಲಾನುಕ್ರಮದಲ್ಲಿ ಕಂಡುಬರುತ್ತವೆ. ಆ ಬಳಿಕ ಮೂರು ಗಂಟೆ ನಲವತ್ತೈದು ನಿಮಿಷದ ಎದುರಿಗೆ, ಎಫ್ ಫಲಕದ 70ನೆಯ ರಿಲೇಯಲ್ಲಿ ಪತಂಗವೊಂದು ಸಿಕ್ಕಿಬಿದ್ದಿತ್ತೆಂದು ಬರೆದು, ಆ ಸತ್ತ ಪತಂಗವನ್ನೇ ಅಂಟುಪಟ್ಟಿಯಿಂದ ಪುಟಕ್ಕೆ ಅಂಟಿಸಿದ್ದಾರೆ. ಸಂಜೆ ಐದು ಗಂಟೆಗೆ ಯಂತ್ರವನ್ನು ಮುಚ್ಚಿದರೆಂಬಲ್ಲಿಗೆ ಆ ದಿನದ ವೃತ್ತಾಂತವು ಮುಗಿಯುತ್ತದೆ.

ಈ ಪತಂಗದ ಕಥೆಯು ಲೋಕಪ್ರಸಿದ್ಧವಾದದ್ದು; ಅದನ್ನು ಪ್ರಚುರಪಡಿಸಿದವರು ಅದೇ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಗ್ರೇಸ್ ಹಾಪರ್. ಕೆಲವು ಬರಹಗಳಲ್ಲಿ ಇದು 1945ರಲ್ಲಿ ನಡೆಯಿತೆಂದು ಹೇಳಿರುವುದುಂಟು. ಆದರೆ ಆ ವರ್ಷ ಮಾರ್ಕ್-2 ಯಂತ್ರವು ಇನ್ನೂ ಪೂರ್ಣಗೊಂಡಿರಲಿಲ್ಲವಾದುದರಿಂದ ಆ ತಿಥಿಯು ನಿಲ್ಲಲಾರದು. ನನ್ನ ದೃಷ್ಟಿಯಲ್ಲಿ ಪತಂಗಕ್ಕಿಂತಲೂ ಆ ಪುಟವು ಹೆಚ್ಚಿನ ಗೌರವಕ್ಕೆ ಅರ್ಹವಾದದ್ದು. ಘಟನೆಯ ವೇಳೆ, ಅದು ಜರುಗಿದ ಭಾಗದ ಸಂಖ್ಯೆ, ಕಣ್ಣಿಗೆ ಕಂಡ ವಸ್ತುಸ್ಥಿತಿ, ಅದಕ್ಕೆ ಪ್ರತ್ಯಕ್ಷ ಪ್ರಮಾಣ, ಈ ನಾಲ್ಕನ್ನೂ ಅದು ಊಹಾಪೋಹವಿಲ್ಲದೆ ಒಂದೆಡೆ ತಂದಿರಿಸಿದೆ. ಇಂದು ಸಾವಿರಾರು ಯಂತ್ರಗಳು ಕ್ಷಣಕ್ಷಣಕ್ಕೂ ಬರೆದುಹಾಕುವ, ತಂತ್ರಾಂಶದವರು ಲಾಗ್ ಎಂದು ಕರೆಯುವ ದಾಖಲೆಗಳಲ್ಲಿ ಈ ನಾಲ್ಕು ಅಂಶಗಳಿದ್ದರೆ ದೋಷಾನ್ವೇಷಣೆಯು ಸುಗಮವಾಗುತ್ತದೆ. ಒಂದು ತಪ್ಪಿದರೂ ಓದುವವನು ಕತ್ತಲಲ್ಲಿ ಉಳಿಯುತ್ತಾನೆ.

ಹಾರ್ವರ್ಡಿನ ಆ ಪುಟಕ್ಕೆ ಎರಡು ವರ್ಷ ತುಂಬುವ ಮೊದಲೇ, 1949ನೆಯ ಮೇ 6ರಂದು, ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಮಾರಿಸ್ ವಿಲ್ಕ್ಸ್ ಮತ್ತು ಸಂಗಡಿಗರು ಕಟ್ಟಿದ ಎಡ್ಸ್ಯಾಕ್ ಯಂತ್ರವು ಮೊದಲ ಬಾರಿಗೆ ಪೂರ್ಣಪ್ರಮಾಣದಲ್ಲಿ ಕೆಲಸ ಮಾಡಿತು. ಸೊನ್ನೆಯಿಂದ 99ರ ವರೆಗಿನ ಸಂಖ್ಯೆಗಳ ವರ್ಗಗಳನ್ನು ಅದು ಮುದ್ರಿಸಿತೆಂದೂ, ಅದಕ್ಕೆ 2 ನಿಮಿಷ 35 ಸೆಕೆಂಡು ಹಿಡಿಯಿತೆಂದೂ ಅಲ್ಲಿನ ದಿನವಹಿಯಲ್ಲಿ ಲಿಖಿತವಾಗಿದೆ. ಒಂದು ಯುಗಾರಂಭದ ವಾರ್ತೆಯನ್ನು ಇಷ್ಟು ಮಿತವಾದ ಮಾತಿನಲ್ಲಿ ಬರೆದವರ ಸಂಯಮವು ಮೆಚ್ಚತಕ್ಕದ್ದು. ಮುಂದೆ ಅದೇ ವಿಲ್ಕ್ಸ್, ತಾವು ಬರೆದ ಗಣನಕ್ರಮಗಳಲ್ಲಿಯ ತಪ್ಪುಗಳನ್ನು ಹುಡುಕುವುದರಲ್ಲಿಯೇ ತಮ್ಮ ಉಳಿದ ಆಯುಷ್ಯದ ದೊಡ್ಡ ಪಾಲು ಸವೆಯಲಿದೆಯೆಂಬುದು ಪ್ರಯೋಗಾಲಯದ ಮೆಟ್ಟಿಲುಗಳಲ್ಲಿ ಓಡಾಡುತ್ತಿರುವಾಗ ತಮಗೆ ಹೊಳೆಯಿತೆಂದು ನೆನೆದುಕೊಂಡಿದ್ದಾರೆ. ರಿಲೇಯಲ್ಲಿ ಸಿಕ್ಕ ಹುಳುವನ್ನು ಇಕ್ಕಳದಿಂದ ತೆಗೆಯಬಹುದು; ಮನುಷ್ಯನ ತರ್ಕದಲ್ಲಿ ಸಿಕ್ಕಿಕೊಂಡ ತಪ್ಪು ಫಲಕವನ್ನು ಬಿಚ್ಚಿದ ಮಾತ್ರಕ್ಕೆ ಕಾಣತಕ್ಕದ್ದಲ್ಲ. ಅದನ್ನು ಕಾಣಬೇಕಾದರೆ ಗಣನಕ್ರಮವು ತಾನು ನಡೆದ ದಾರಿಯನ್ನು ತಾನೇ ಹೇಳಿಕೊಳ್ಳುವಂತೆ ಮಾಡಬೇಕು.

ಈ ಅವಶ್ಯಕತೆಯಿಂದಲೇ ಯಂತ್ರದ ವೃತ್ತಾಂತವನ್ನು ಬರೆಯುವ ಕೆಲಸವು ಮನುಷ್ಯನ ಕೈಯಿಂದ ಯಂತ್ರದ ಕೈಗೆ ಕ್ರಮೇಣ ಹಸ್ತಾಂತರವಾಯಿತು. 1964ರಲ್ಲಿ ಐಬಿಎಂ ಸಂಸ್ಥೆಯು ಪ್ರಕಟಿಸಿದ ಸಿಸ್ಟಂ 360 ಶ್ರೇಣಿಯ ಯಂತ್ರಗಳ ಪಕ್ಕದಲ್ಲಿ ಬೆರಳಚ್ಚಿನ ಯಂತ್ರವೊಂದು ಇರುತ್ತಿದ್ದು, ಯಾವ ಕೆಲಸ ಎಷ್ಟು ಹೊತ್ತಿಗೆ ಆರಂಭವಾಯಿತು, ಯಾವುದು ನಡುವೆ ಕೆಟ್ಟು ನಿಂತಿತು ಎಂಬುದನ್ನು ನಿರ್ವಾಹಕನಿಗೆ ಅದು ಅಚ್ಚಿಸಿ ತಿಳಿಸುತ್ತಿತ್ತು. ಗಣನಕ್ರಮವನ್ನು ಬರೆಯುವವರೂ ತಮ್ಮ ಬರಹದ ನಡುನಡುವೆ, ಇಲ್ಲಿಗೆ ಬಂದೆ, ಈ ಮೌಲ್ಯ ಇಷ್ಟಿದೆ ಎಂದು ಮುದ್ರಿಸತಕ್ಕ ಆದೇಶಗಳನ್ನು ಸೇರಿಸುವುದನ್ನು ರೂಢಿಮಾಡಿಕೊಂಡರು. ಎಚ್ಚರಿಕೆಯ ಆಲೋಚನೆಯೂ ತಕ್ಕ ಸ್ಥಳಗಳಲ್ಲಿರಿಸಿದ ಇಂಥ ಮುದ್ರಣಾದೇಶಗಳೂ ಕೂಡಿದರೆ ಅದಕ್ಕಿಂತ ಫಲಕಾರಿಯಾದ ಉಪಕರಣವು ದೋಷಶೋಧನೆಗೆ ಬೇರಿಲ್ಲವೆಂದು, ಬೆಲ್ ಪ್ರಯೋಗಾಲಯದ ಬ್ರಯನ್ ಕರ್ನಿಘನ್ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಕಲಿಯುವವರಿಗಾಗಿ ಬರೆದ ಕೈಪಿಡಿಯಲ್ಲಿ ಅಭಿಪ್ರಾಯಪಟ್ಟರು. ಆ ಮೇಲೆ ಎಷ್ಟೋ ಸೂಕ್ಷ್ಮೋಪಕರಣಗಳು ಹುಟ್ಟಿ ಬಂದರೂ ಆ ಮಾತಿನ ತೂಕವು ಕಡಮೆಯಾಗಿಲ್ಲ. ಅದರಲ್ಲಿಯೂ ಆಲೋಚನೆಯನ್ನು ಅವರು ಮೊದಲಿಗೆ ಇರಿಸಿದುದನ್ನು ನಾವು ಮರೆಯಲಾಗದು.

ಬರೆದುದನ್ನು ಓದುವ ಸಾಧನವೂ ಅದೇ ಬೆಲ್ ಪ್ರಯೋಗಾಲಯದಲ್ಲಿಯೇ ಹುಟ್ಟಿತು. ಅದರ ಹುಟ್ಟು ಸಾಹಿತ್ಯಪ್ರಿಯರಿಗೆ ವಿಶೇಷವಾಗಿ ರುಚಿಸತಕ್ಕದ್ದು. ಅಮೆರಿಕದ ರಾಜ್ಯಾಂಗವನ್ನು ಸಮರ್ಥಿಸಿ 1787 ಮತ್ತು 1788ರಲ್ಲಿ ಅಜ್ಞಾತನಾಮದಿಂದ ಪ್ರಕಟವಾದ ಫೆಡರಲಿಸ್ಟ್ ಎಂಬ 85 ಪ್ರಬಂಧಗಳಲ್ಲಿ ಯಾವುದು ಯಾರ ಕೃತಿಯೆಂಬ ಕರ್ತೃತ್ವವಿಚಾರವನ್ನು ಲೀ ಮ್ಯಾಕ್‌ಮಹಾನ್ ಎಂಬವರು ಅಲ್ಲಿ ಕೈಗೆತ್ತಿಕೊಂಡಿದ್ದರು. ಆ ಗ್ರಂಥರಾಶಿಯಲ್ಲಿ ಬೇಕಾದ ಪದಗಳನ್ನು ಹುಡುಕಲು ಆಗಿನ ಸಂಪಾದನ ತಂತ್ರಾಂಶಕ್ಕೆ ಶಕ್ತಿ ಸಾಲದೆ ಹೋದುದರಿಂದ, ಹುಡುಕುವ ಅಂಗವೊಂದನ್ನೇ ಬೇರ್ಪಡಿಸಿ ಕೆನ್ ಥಾಂಪ್ಸನ್ ಅದಕ್ಕೆ ಸ್ವತಂತ್ರ ರೂಪವನ್ನು ಕೊಟ್ಟರೆಂದು ಕರ್ನಿಘನ್ ಹೇಳುತ್ತಾರೆ. ಅದೇ ಗ್ರೆಪ್; 1973ರ ಯುನಿಕ್ಸ್ ಆವೃತ್ತಿಯಲ್ಲಿ ಅದು ಸೇರಿತು. ಗ್ರಂಥಸಂಶೋಧಕನ ಅಗತ್ಯಕ್ಕೆ ಒದಗಿದ ಈ ಸಣ್ಣ ಆದೇಶವನ್ನು ಇಂದಿಗೂ ಲಾಗ್ ಓದುವ ಪ್ರತಿಯೊಬ್ಬರೂ ದಿನಕ್ಕೆ ಹಲವು ಬಾರಿ ಬೆರಳಚ್ಚಿಸುತ್ತಾರೆ.

ಇನ್ನು ಬರೆಯುವ ಕ್ರಮಕ್ಕೊಂದು ವ್ಯವಸ್ಥೆಯನ್ನು ಕೊಟ್ಟವರು ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಎರಿಕ್ ಆಲ್ಮನ್. ಸೆಂಡ್‌ಮೇಲ್ ಎಂಬ ಅಂಚೆಯ ತಂತ್ರಾಂಶವನ್ನು 1980ರ ದಶಕದ ಆರಂಭದಲ್ಲಿ ರಚಿಸುತ್ತಿದ್ದಾಗ, ಅದರ ವರದಿಗಳನ್ನು ಬರೆದಿಡುವುದಕ್ಕಾಗಿ ಅವರು ಸಿಸ್‌ಲಾಗ್ ಎಂಬ ಉಪಾಂಗವನ್ನು ಮಾಡಿಕೊಂಡರು. ವರದಿಗಳಿಗೆ ಗಾಂಭೀರ್ಯದ ಎಂಟು ಅಂತಸ್ತುಗಳು ಅಲ್ಲಿ ನಿಯತವಾದವು: ಎಲ್ಲಕ್ಕಿಂತ ಮೇಲೆ ವ್ಯವಸ್ಥೆಯೇ ಕುಸಿದ ಆಪತ್ತು, ಎಲ್ಲಕ್ಕಿಂತ ಕೆಳಗೆ ರಚನಕಾರನಿಗೆ ಮಾತ್ರ ಬೇಕಾದ ಸೂಕ್ಷ್ಮ ವಿವರ, ನಡುವೆ ದೋಷ, ಎಚ್ಚರಿಕೆ, ಸೂಚನೆ ಮೊದಲಾದುವು. ಒಂದು ಕೆಲಸಕ್ಕೆಂದು ಹುಟ್ಟಿದ ಆ ಉಪಾಂಗವು ಇತರರಿಗೂ ಒಗ್ಗಿ, ಅನೇಕ ವರ್ಷಗಳ ಪರ್ಯಂತ ಕೇವಲ ರೂಢಿಯಾಗಿಯೇ ನಡೆದುಬಂದು, 2001ರಲ್ಲಿ ಬರಹಕ್ಕಿಳಿದು, 2009ರಲ್ಲಿ ಪರಿಷ್ಕೃತವಾದ ಪ್ರಮಾಣವನ್ನು ಪಡೆಯಿತು. ಮೊದಲು ಆಚಾರ, ಆಮೇಲೆ ಶಾಸ್ತ್ರ.

ಆದರೆ ದಾಖಲೆಯನ್ನು ಓದುವುದೆಂದರೇನೆಂಬುದನ್ನು ಲೋಕಕ್ಕೆ ತೋರಿಸಿಕೊಟ್ಟ ಪ್ರಸಂಗವು ಬರ್ಕ್ಲಿಯಲ್ಲಿಯೇ 1986ರಲ್ಲಿ ಒದಗಿತು. ಅಲ್ಲಿಯ ಲಾರೆನ್ಸ್ ಪ್ರಯೋಗಾಲಯದಲ್ಲಿ ಖಗೋಳವಿಜ್ಞಾನಿಯಾಗಿದ್ದ ಕ್ಲಿಫರ್ಡ್ ಸ್ಟೋಲ್, ತಮ್ಮ ಸಂಶೋಧನೆಗಿದ್ದ ಹಣವು ಮುಗಿದುದರಿಂದ ಗಣಕಯಂತ್ರದ ವಿಭಾಗಕ್ಕೆ ವರ್ಗವಾಗಿ ಬಂದಿದ್ದರು. ಯಂತ್ರದ ಬಳಕೆಗೆ ಹಣ ಹಾಕುವ ಎರಡು ಬೇರೆ ಬೇರೆ ಲೆಕ್ಕದ ವ್ಯವಸ್ಥೆಗಳು ಅಲ್ಲಿದ್ದವು. ಎರಡಕ್ಕೂ 75 ಸೆಂಟುಗಳ ವ್ಯತ್ಯಾಸ ಬಂದಿತು. ಒಂದು ಡಾಲರಿಗೂ ಕಡಮೆಯಾದ ಈ ಅಂತರವನ್ನು ಯಾರಾದರೂ ಹೊಡೆದುಹಾಕಿ ಮುಂದೆ ಹೋಗುತ್ತಿದ್ದರು. ಹೊಸಬರಾದ ಸ್ಟೋಲ್ ಹೋಗಲಿಲ್ಲ. ಲೆಕ್ಕವನ್ನು ಹಿಂಬಾಲಿಸಿದಾಗ, ಹಣ ಸಲ್ಲಿಸಬೇಕಾದ ವಿಳಾಸವೇ ಇಲ್ಲದ ಬಳಕೆದಾರನೊಬ್ಬನ ಹೆಸರು ಸಿಕ್ಕಿತು. ಎಮ್ಯಾಕ್ಸ್ ಎಂಬ ಸಂಪಾದನ ತಂತ್ರಾಂಶದ ಉಪಾಂಗವೊಂದರಲ್ಲಿದ್ದ ಬಿರುಕಿನಿಂದ ಹೊರಗಿನವನೊಬ್ಬನು ಒಳಹೊಕ್ಕು ಯಂತ್ರದ ಸರ್ವಾಧಿಕಾರವನ್ನೇ ಪಡೆದಿದ್ದನು.

ಇಲ್ಲಿ ಸ್ಟೋಲ್ ತೋರಿದ ವಿವೇಕವು ಇಂದಿಗೂ ಅನುಕರಣೀಯವಾದದ್ದು. ಸರ್ವಾಧಿಕಾರವನ್ನು ಪಡೆದವನು ಯಂತ್ರದೊಳಗಿನ ದಾಖಲೆಯನ್ನು ಅಳಿಸಿಬಿಡಬಲ್ಲನಷ್ಟೆ. ಆದುದರಿಂದ ಕಳ್ಳನ ಕೈಗೆ ನಿಲುಕುವ ಸಾಕ್ಷ್ಯವು ಸಾಕ್ಷ್ಯವೇ ಅಲ್ಲವೆಂದರಿತ ಅವರು, ವಾರಾಂತ್ಯದಲ್ಲಿ ಸಹೋದ್ಯೋಗಿಗಳ ಕೊಠಡಿಗಳಿಂದ ಮುದ್ರಣಯಂತ್ರಗಳನ್ನೂ ಟರ್ಮಿನಲ್‌ಗಳನ್ನೂ ಹೊತ್ತು ತಂದು, ಹೊರಗಿನಿಂದ ಬರುವ 50 ತಂತಿಗಳಿಗೆ ಹೊಂದಿಸಿ, ಒಳಗೆ ಬಂದವನು ಬೆರಳಚ್ಚಿಸಿದ ಪ್ರತಿಯೊಂದು ಅಕ್ಷರವೂ ಕಾಗದದ ಮೇಲೆ ಮೂಡುವಂತೆ ಮಾಡಿದರು. ತಾವು ಕಂಡುದನ್ನೂ ಆಡಿದ ಮಾತನ್ನೂ ಕೈಯಿಂದ ದಿನಚರಿಯಲ್ಲಿ ಬರೆದಿಟ್ಟರು. ಖಗೋಳ ವೀಕ್ಷಣೆಯ ಅಭ್ಯಾಸವು ಇಲ್ಲಿ ಅವರ ನೆರವಿಗೆ ಬಂದಿತೆನ್ನಬೇಕು. ಸೈನ್ಯದ ಯಂತ್ರಗಳಲ್ಲಿ ಪರಮಾಣುಶಸ್ತ್ರಗಳ ಸುದ್ದಿಯನ್ನು ಅರಸುತ್ತಿದ್ದ ಆ ಆಗಂತುಕನ ಜಾಡು ಕೊನೆಗೆ ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರದ ಮಾರ್ಕಸ್ ಹೆಸ್ ಎಂಬವನ ಬಾಗಿಲಿಗೆ ಮುಟ್ಟಿತು. ಅವನೂ ಸಂಗಡಿಗರೂ ತಾವು ಕದ್ದುದನ್ನು ಸೋವಿಯತ್ ಗೂಢಚಾರ ಸಂಸ್ಥೆಗೆ ಮಾರುತ್ತಿದ್ದರೆಂಬುದು ಬಯಲಾಗಿ, 1990ರಲ್ಲಿ ನ್ಯಾಯಾಲಯವು ಅವರನ್ನು ದೋಷಿಗಳೆಂದು ತೀರ್ಮಾನಿಸಿತು.

ಒಂದೇ ಯಂತ್ರದ ದಾಖಲೆಯನ್ನು ಓದುವುದೇ ಇಷ್ಟು ಶ್ರಮದ ಕೆಲಸವಾದರೆ, ಅನೇಕ ಯಂತ್ರಗಳು ಕೂಡಿ ಒಂದು ಕಾರ್ಯವನ್ನು ಮಾಡತೊಡಗಿದ ಮೇಲೆ ಕಾಲನಿರ್ಣಯದ ತೊಡಕು ಎದುರಾಯಿತು. ನಮ್ಮ ಶಾಸನಸಂಶೋಧಕರು ಇದನ್ನು ಚೆನ್ನಾಗಿ ಬಲ್ಲರು: ಶಾಸನದಲ್ಲಿ ಶಕವರ್ಷವೊಂದನ್ನೂ ಸಂವತ್ಸರವೊಂದನ್ನೂ ತಿಥಿವಾರಗಳನ್ನೂ ಹೇಳಿರುತ್ತದೆ, ಗಣಿಸಿ ನೋಡಿದರೆ ವಾರವು ತಿಥಿಗೆ ಹೊಂದುವುದಿಲ್ಲ, ಆಗ ಲಿಪಿಕಾರನ ತಪ್ಪೋ, ಗತವರ್ಷದ ಲೆಕ್ಕವೋ, ಕೃತಕಶಾಸನವೋ ಎಂದು ವಿಚಾರಿಸದೆ ಮುಂದೆ ಹೆಜ್ಜೆಯಿಡುವಂತಿಲ್ಲ. ಎರಡು ಯಂತ್ರಗಳ ಗಡಿಯಾರಗಳು ಅರೆನಿಮಿಷ ಹಿಂದುಮುಂದಾದರೂ ಇದೇ ಅವಸ್ಥೆ; ಉತ್ತರವು ಪ್ರಶ್ನೆಗಿಂತ ಮೊದಲು ಬಂದಂತೆಯೂ, ಕಾರ್ಯವು ಕಾರಣವನ್ನು ಹಿಂದಿಕ್ಕಿದಂತೆಯೂ ಲಾಗಿನಲ್ಲಿ ತೋರುತ್ತದೆ. ಜಾಲದ ಮೂಲಕ ಗಡಿಯಾರಗಳನ್ನು ಸರಿಹೊಂದಿಸತಕ್ಕ ಎನ್‌ಟಿಪಿ ಎಂಬ ವಿಧಾನವನ್ನು ಡೇವಿಡ್ ಮಿಲ್ಸ್ 1985ರಲ್ಲಿ ಪ್ರಕಟಿಸಿದ ತರುವಾಯವೇ ಅನೇಕ ಯಂತ್ರಗಳ ದಾಖಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವುದು ವಿಶ್ವಾಸಾರ್ಹವಾದ ವಿದ್ಯೆಯಾಯಿತು.

ದಾಖಲೆಯ ಓದು ತನ್ನ ಅತ್ಯುಚ್ಚ ಗೌರವವನ್ನು ಪಡೆದುದು ಭೂಮಿಯಿಂದ ಬಹುದೂರದಲ್ಲಿ. 1997ನೆಯ ಜುಲೈ 4ರಂದು ಮಂಗಳಗ್ರಹದ ಮೇಲಿಳಿದ ಪಾಥ್‌ಫೈಂಡರ್ ನೌಕೆಯು ಕೆಲವೇ ದಿನಗಳಲ್ಲಿ ಒಂದು ವಿಚಿತ್ರ ವ್ಯಾಧಿಗೆ ಸಿಕ್ಕಿತು. ಅದರ ಗಣಕಯಂತ್ರವು ಇದ್ದಕ್ಕಿದ್ದಂತೆ ತನ್ನನ್ನು ತಾನೇ ನಿಲ್ಲಿಸಿಕೊಂಡು ಪುನಃ ಮೊದಲಿನಿಂದ ಆರಂಭಿಸಿಕೊಳ್ಳುತ್ತಿತ್ತು, ಆ ದಿನ ಮಾಡಬೇಕಾಗಿದ್ದ ಉಳಿದ ಕೆಲಸವು ಮರುದಿನಕ್ಕೆ ಬೀಳುತ್ತಿತ್ತು. ಅಲ್ಲಿಗೆ ಹೋಗಿ ನೋಡಿಬರತಕ್ಕವರು ಯಾರು? ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಇಂಜಿನಿಯರುಗಳು ತಮ್ಮಲ್ಲಿದ್ದ ನೌಕೆಯ ಪ್ರತಿರೂಪದ ಮೇಲೆ ಅದೇ ತಂತ್ರಾಂಶವನ್ನು ಓಡಿಸಿ, ಪ್ರತಿ ಕ್ಷಣದ ನಡೆಯನ್ನೂ ಬರೆದಿಡತಕ್ಕ ಅಂಗವನ್ನು ಚಾಲೂಮಾಡಿ, ಅದೇ ವ್ಯಾಧಿಯು ಅಲ್ಲಿಯೂ ಮರುಕಳಿಸುವವರೆಗೆ ಬಿಡದೆ ಕಾದರು. ಮರುಕಳಿಸಿತು, ದಾಖಲೆಯಲ್ಲಿ ಕಾರಣವೂ ಕಂಡಿತು.

ಹವಾಮಾನದ ಮಾಹಿತಿಯನ್ನು ಕೂಡಿಸುವ ಕೆಳದರ್ಜೆಯ ಕೆಲಸವೊಂದು ಎಲ್ಲರಿಗೂ ಸಮಾನವಾದ ಒಂದು ಬೀಗವನ್ನು ಹಿಡಿದುಕೊಂಡಿರುತ್ತಿತ್ತು. ಅದೇ ಬೀಗಕ್ಕಾಗಿ ಉಚ್ಚದರ್ಜೆಯ ಕೆಲಸವೊಂದು ಕಾಯುತ್ತಿತ್ತು. ಅಷ್ಟರಲ್ಲಿ ಬೀಗದ ಗೊಡವೆಯೇ ಇಲ್ಲದ ಮಧ್ಯಮದರ್ಜೆಯ ಕೆಲಸಗಳು ನುಗ್ಗಿ ಬಂದು, ಕೆಳದರ್ಜೆಯದಕ್ಕೆ ಸರದಿಯೇ ದೊರೆಯದಂತೆ ಮಾಡುತ್ತಿದ್ದವು. ಮುಖ್ಯವಾದ ಕೆಲಸವು ವೇಳೆಗೆ ಮುಗಿಯಲಿಲ್ಲವೆಂಬುದನ್ನು ಕಂಡ ಕಾವಲಿನ ಕ್ರಮವು ಇಡೀ ಯಂತ್ರವನ್ನು ಮರುಪ್ರಾರಂಭಿಸುತ್ತಿತ್ತು. ಉಚ್ಚದರ್ಜೆಯ ಕೆಲಸವನ್ನು ಕಾಯಿಸುತ್ತಿರುವಷ್ಟು ಹೊತ್ತು ಬೀಗ ಹಿಡಿದಿರುವ ಕೆಲಸಕ್ಕೂ ಅದೇ ಉಚ್ಚದರ್ಜೆಯು ಲಭಿಸುವಂತೆ ಒಂದು ಮೌಲ್ಯವನ್ನು ಬದಲಾಯಿಸಿ, ಆ ತಿದ್ದುಪಡಿಯನ್ನು ಭೂಮಿಯಿಂದ ಮಂಗಳಕ್ಕೆ ಕಳುಹಿಸಿದರು; ನೌಕೆಯು ಸ್ವಸ್ಥವಾಯಿತು. ವೃತ್ತಾಂತವನ್ನು ಬರೆಯುವ ಅಂಗವನ್ನು ಉಡಾವಣೆಗೆ ಮುನ್ನ ತೆಗೆದುಹಾಕದೆ ಉದ್ದೇಶಪೂರ್ವಕವಾಗಿ ಉಳಿಸಿಕೊಂಡಿದ್ದರೆಂಬುದೇ ಈ ವೃತ್ತಾಂತದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ.

ಓದದೆ ಬಿಟ್ಟ ದಾಖಲೆಯ ಕಥೆಯನ್ನೂ ಹೇಳಬೇಕಾಗುತ್ತದೆ. ನ್ಯೂಯಾರ್ಕಿನ ಷೇರುಪೇಟೆಯಲ್ಲಿ ದೊಡ್ಡ ವ್ಯವಹಾರವನ್ನು ನಡೆಸುತ್ತಿದ್ದ ನೈಟ್ ಕ್ಯಾಪಿಟಲ್ ಎಂಬ ಸಂಸ್ಥೆಯು 2012ರಲ್ಲಿ ಹೊಸ ತಂತ್ರಾಂಶವನ್ನು ತನ್ನ ಎಂಟು ಯಂತ್ರಗಳಲ್ಲಿ ಏಳಕ್ಕೆ ಮಾತ್ರ ಏರಿಸಿ, ಎಂಟನೆಯದರಲ್ಲಿ ಹಳೆಯದನ್ನೇ ಉಳಿಸಿಬಿಟ್ಟಿತು. ಆಗಸ್ಟ್ 1ರ ಬೆಳಿಗ್ಗೆ ಎಂಟರ ಸುಮಾರಿಗೆ, ಪೇಟೆಯು ತೆರೆಯಲು ಇನ್ನೂ ಒಂದೂವರೆ ಗಂಟೆ ಇರುವಾಗಲೇ, ಆ ವ್ಯವಸ್ಥೆಯು ದೋಷಸೂಚನೆಗಳನ್ನು ಸಿಬ್ಬಂದಿಗೆ ಕಳುಹಿಸತೊಡಗಿತು. ಪೇಟೆ ತೆರೆಯುವುದರೊಳಗೆ 97 ಪತ್ರಗಳು ಹೋಗಿದ್ದವು. ಅವುಗಳನ್ನು ಓದುವ ಪದ್ಧತಿಯೇ ಅಲ್ಲಿರಲಿಲ್ಲ. ಪೇಟೆ ತೆರೆದ ಮೇಲೆ 45 ನಿಮಿಷಗಳಲ್ಲಿ ಆದ ನಷ್ಟವು 46 ಕೋಟಿ ಡಾಲರುಗಳಿಗೂ ಹೆಚ್ಚು.

ಹಣವು ಹೋದರೆ ಬರಬಹುದು. ಬ್ರಿಟನ್ನಿನ ಅಂಚೆ ಸಂಸ್ಥೆಯು 1999ರಿಂದೀಚೆಗೆ ಬಳಕೆಗೆ ತಂದ ಹೊರೈಜನ್ ಎಂಬ ಲೆಕ್ಕದ ವ್ಯವಸ್ಥೆಯಲ್ಲಿ ಹೋದುದು ಮನುಷ್ಯರ ಮಾನ. ಫುಜಿತ್ಸು ಸಂಸ್ಥೆಯು ಒದಗಿಸಿದ ಆ ವ್ಯವಸ್ಥೆಯು ಹಳ್ಳಿಪೇಟೆಗಳ ಅಂಚೆಕಛೇರಿಗಳಲ್ಲಿ ಇಲ್ಲದ ಕೊರತೆಯನ್ನು ತೋರಿಸಿತು. ಯಂತ್ರವು ಸುಳ್ಳು ಹೇಳದೆಂಬ ನಂಬಿಕೆಯಿಂದ ಏಳುನೂರಕ್ಕೂ ಹೆಚ್ಚು ಮಂದಿ ಅಂಚೆಕಛೇರಿ ನಡೆಸುವವರ ಮೇಲೆ ಕಳವು, ಸುಳ್ಳುಲೆಕ್ಕ ಮುಂತಾದ ಆರೋಪಗಳನ್ನು ಹೊರಿಸಿ ಮೊಕದ್ದಮೆ ನಡೆಸಲಾಯಿತು. ಕೆಲವರು ಸೆರೆಮನೆಗೆ ಹೋದರು. ಅದೇ ಕಾಲದಲ್ಲಿ ತಂತ್ರಾಂಶದ ತಿಳಿದ ದೋಷಗಳನ್ನು ಬರೆದಿಟ್ಟುಕೊಂಡ ದಾಖಲೆಯೊಂದು ಒಳಗೆ ಇದ್ದೇ ಇತ್ತು. ಆಪಾದಿತರ ಕೈಗೆ ಮಾತ್ರ ಅದು ಬಂದಿರಲಿಲ್ಲ. ಆಲನ್ ಬೇಟ್ಸ್ ಎಂಬವರ ಮುಂದಾಳುತನದಲ್ಲಿ ನೂರಾರು ಜನರು ಕೂಡಿ ಹೂಡಿದ ದಾವೆಯಲ್ಲಿ ಆ ದಾಖಲೆಯು ಪರಿಶೀಲನೆಗೆ ಒಳಗಾಗಿ, 2019ರ ಡಿಸೆಂಬರಿನಲ್ಲಿ ನ್ಯಾಯಾಲಯವು ವ್ಯವಸ್ಥೆಯ ದೋಷಗಳನ್ನು ಎತ್ತಿ ಹೇಳಿತು. 2021ರ ಏಪ್ರಿಲಿನಲ್ಲಿ 39 ಮಂದಿಯ ಮೇಲಿನ ತೀರ್ಪುಗಳು ರದ್ದಾದವು. ಯಾವನ ಮೇಲೆ ಯಂತ್ರದ ಸಾಕ್ಷ್ಯದಿಂದ ಅಪರಾಧ ಹೊರಿಸಲಾಗುತ್ತದೆಯೋ, ಆ ಯಂತ್ರದ ದಿನವಹಿಯನ್ನು ನೋಡುವ ಹಕ್ಕು ಅವನಿಗೆ ಮೊದಲು ಇರಬೇಕು. ಈ ವಿಷಯದಲ್ಲಿ ನನಗೆ ಎರಡನೆಯ ಅಭಿಪ್ರಾಯವಿಲ್ಲ.

ದಾಖಲಿಸುವ ಅಂಗವೇ ಅಪಾಯದ ದ್ವಾರವಾದುದೂ ಉಂಟು. ಜಾವಾ ಭಾಷೆಯ ತಂತ್ರಾಂಶಗಳಲ್ಲಿ ಲೋಕವ್ಯಾಪಕವಾಗಿದ್ದ, ಜೆಕಿ ಗುಲ್ಚು ಎಂಬವರು ಆರಂಭಿಸಿದ ಲಾಗ್‌ಫೋರ್‌ಜೆ ಎಂಬ ಉಪಕರಣದ ಎರಡನೆಯ ಪೀಳಿಗೆಯಲ್ಲಿ, ಬರೆದಿಡಬೇಕಾದ ಮಾತನ್ನು ಆದೇಶವೆಂದು ಭಾವಿಸಿ ಪಾಲಿಸುವ ದೋಷವಿದ್ದುದು 2021ರ ಡಿಸೆಂಬರಿನಲ್ಲಿ ಬಹಿರಂಗವಾದಾಗ, ಲೋಕದ ತಂತ್ರಾಂಶವರ್ಗವು ಹಲವು ದಿನ ನಿದ್ರೆಗೆಟ್ಟಿತು. 2018ರಲ್ಲಿ ಟ್ವಿಟರ್ ಸಂಸ್ಥೆಯು ಬಳಕೆದಾರರ ಗುಪ್ತಪದಗಳು ಮುಸುಕಿಲ್ಲದೆ ತನ್ನ ಆಂತರಿಕ ಲಾಗಿನಲ್ಲಿ ಬಿದ್ದಿದ್ದವೆಂದು ತಾನೇ ಪ್ರಕಟಿಸಿತು. ಬರೆಯತಕ್ಕದ್ದೆಷ್ಟೋ ಬರೆಯಬಾರದ್ದೂ ಅಷ್ಟು.

ಬೆಂಗಳೂರಿಗೆ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದುದು ಮೊದಲ್ಗೊಂಡು, ದೂರದೇಶಗಳ ಯಂತ್ರಗಳನ್ನು ಇಲ್ಲಿ ಕುಳಿತು ನೋಡಿಕೊಳ್ಳುವ ಉದ್ಯೋಗವು ಬೆಳೆದು, ಲಾಗ್ ಓದುವುದು ನಮ್ಮ ನಾಡಿನ ಸಹಸ್ರಾರು ತರುಣತರುಣಿಯರ ರಾತ್ರಿಯ ಕಸುಬಾಗಿದೆ. ಅವರ ಮುಂದೆ ತೆರೆದ ಲಾಗಿನಲ್ಲಿ ವೇಳೆಯು ಬಹುಮಟ್ಟಿಗೆ ಯುಟಿಸಿ ಮಾನದಲ್ಲಿದ್ದು, ಐದೂವರೆ ಗಂಟೆಯನ್ನು ಕೂಡಿಸಿಕೊಂಡೇ ಅವರು ಓದುತ್ತಾರೆ. ನುರಿತವರು ಕೊನೆಯಲ್ಲಿ ಕೂಗುವ ದೋಷವಾಕ್ಯವನ್ನು ನೆಚ್ಚದೆ ಮೇಲುಮೇಲಕ್ಕೆ ಸಾಗಿ, ಮೊತ್ತಮೊದಲು ನಡೆ ತಪ್ಪಿದ ಸಾಲನ್ನು ಹುಡುಕುತ್ತಾರೆ. ಜಾವಾದ ದೀರ್ಘವಾದ ದೋಷವರದಿಯಲ್ಲಾದರೋ ಮೂಲಕಾರಣವು ತಳದಲ್ಲಿ ಅಡಗಿರುವುದೇ ಹೆಚ್ಚೆಂದು ಅವರಿಗೆ ಗೊತ್ತು. ಕೆಟ್ಟ ದಿನದ ಲಾಗಿನ ಪಕ್ಕದಲ್ಲಿ ಒಳ್ಳೆಯ ದಿನದ್ದನ್ನು ಇಟ್ಟು, ಇದರಲ್ಲಿದ್ದು ಅದರಲ್ಲಿಲ್ಲದ ಸಾಲು ಯಾವುದೆಂದು ನೋಡುತ್ತಾರೆ. ಬಂದ ಸಾಲು ಎಲ್ಲರ ಕಣ್ಣಿಗೂ ಬೀಳುತ್ತದೆ. ಬರಬೇಕಾಗಿದ್ದು ಬಾರದ ಸಾಲನ್ನು ಕಾಣುವುದು ಬಹುಕಾಲದ ಅಭ್ಯಾಸದಿಂದ ಸಿದ್ಧಿಸುವ ದೃಷ್ಟಿ. 2003ರಲ್ಲಿ ಸ್ಥಾಪಿತವಾದ ಸ್ಪ್ಲಂಕ್, 2010ರಲ್ಲಿ ಬಂದ ಇಲಾಸ್ಟಿಕ್‌ಸರ್ಚ್ ಮೊದಲಾದುವು ಕೋಟ್ಯಂತರ ಸಾಲುಗಳನ್ನು ಕ್ಷಣದಲ್ಲಿ ಸೋಸಿಕೊಡುತ್ತವೆಯಾದರೂ, ಏನನ್ನು ಕೇಳಬೇಕೆಂಬುದು ಓದುವವರಿಗೆ ಬಿಟ್ಟದ್ದು. ಗಣಕಜಾಲದ ಸುರಕ್ಷತೆಯನ್ನು ನೋಡಿಕೊಳ್ಳುವ ಭಾರತದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರ ತನ್ನ ನಿರ್ದೇಶನದಲ್ಲಿ, ಲಾಗುಗಳನ್ನು 180 ದಿನಗಳ ಕಾಲ ರಕ್ಷಿಸಿಡಬೇಕೆಂದೂ ಯಂತ್ರಗಳ ಗಡಿಯಾರಗಳನ್ನು ಸರಿಹೊಂದಿಸಿರಬೇಕೆಂದೂ ವಿಧಿಸಿದೆ.

ನೂರೆಂಬತ್ತು ದಿನಗಳು ಅಪರಾಧಶೋಧನೆಗೆ ಸಾಕಾಗಬಹುದು, ಇತಿಹಾಸಕ್ಕೆ ಸಾಲವು. ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ 1950ರ ದಶಕದಲ್ಲಿ ಬಂದ ಎಚ್‌ಇಸಿ-2ಎಂ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ನಮ್ಮವರೇ ಕಟ್ಟಿದ ಟಿಫ್ರಾಕ್, ಕಾನ್ಪುರದ ಐಐಟಿಗೆ 1963ರಲ್ಲಿ ಬಂದ ಐಬಿಎಂ 1620, ಆ ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓಡಿದ 360 ಶ್ರೇಣಿಯ ಯಂತ್ರ, ಇವುಗಳ ಬಳಿ ಸರದಿಯ ಮೇಲೆ ಕುಳಿತು ದುಡಿದವರಲ್ಲಿ ಕೆಲವರು ಇಂದು ವೃದ್ಧಾಪ್ಯದಲ್ಲಿದ್ದಾರೆ. ಅವರ ಮನೆಗಳ ಅಟ್ಟದಲ್ಲಿಯೋ ಪೆಟ್ಟಿಗೆಯಲ್ಲಿಯೋ ಆ ಕಾಲದ ದಿನಚರಿ, ರಿಜಿಸ್ಟರು, ಅಚ್ಚಿನ ಸುರುಳಿ ಏನಾದರೂ ಉಳಿದಿದ್ದರೆ, ಮನೆಯವರು ಅವನ್ನು ರದ್ದಿಯವನ ತಕ್ಕಡಿಗೆ ಹಾಕದಿರಲಿ. ನಮ್ಮ ದೇಶದ ವಿಜ್ಞಾನದ ಇತಿಹಾಸಕ್ಕೆ ಸೇರಿದ ಕಾಗದಪತ್ರಗಳನ್ನು ಕೂಡಿಸಿಡುವ ಸಾರ್ವಜನಿಕ ಭಂಡಾರವೊಂದು ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಸ್ಥೆಯ ಆವರಣದಲ್ಲಿ 2019ರಿಂದ ನಡೆಯುತ್ತಿದೆ. ಅಂಥ ಪುಸ್ತಕವುಳ್ಳವರು ದಯವಿಟ್ಟು ಒಮ್ಮೆ ಅಲ್ಲಿಯವರನ್ನು ವಿಚಾರಿಸಿ.